ಬಸಿರು, ಹಾರ್ಮೋನು ಮತ್ತು ಒಂದು ಸಂಖ್ಯೆಯ ಕಥೆ

ನಮ್ಮ ಸಾಫ್ಟ್‌ವೇರ್ ಮಂದಿಗೆ ಒಂದು ಚಟ ಇದೆ. ಪರದೆಯ ಮೇಲೆ ಯಾವುದಾದರೂ ಸಂಖ್ಯೆ ಕೆಂಪಗಾದರೆ ಅದನ್ನು ಹಸಿರು ಮಾಡೋ ತನಕ ಸಮಾಧಾನ ಇರೋದಿಲ್ಲ. ಸರ್ವರ್ ಕುಂಟುತ್ತಿದೆ ಅಂತ ಮೀಟರ್ ತೋರಿಸಿದರೆ ಕೆಲವರು ಸರ್ವರ್ ರಿಪೇರಿ ಮಾಡ್ತಾರೆ. ಇನ್ನು ಕೆಲವರು ಮೀಟರನ್ನೇ ರಿಪೇರಿ ಮಾಡಿ ಸಂಜೆ ಆರಕ್ಕೆ ಮನೆಗೆ ಹೋಗ್ತಾರೆ :-)

ನನ್ನ ವಯಸ್ಸಿನವರೆಲ್ಲ ಈಗ ಒಬ್ಬೊಬ್ಬರಾಗಿ ಅಪ್ಪ-ಅಮ್ಮ ಆಗೋ ಕಾಲ. ಮೊದಲೆಲ್ಲ ಊಟದ ಟೇಬಲ್ಲಿನಲ್ಲಿ ಆನ್‌ಸೈಟಿನ ಮಾತು ನಡೀತಿತ್ತು. ಈಗ "ಬೀಟಾ ಎಚ್‌ಸಿಜಿ ಡಬಲ್ ಆಯ್ತಾ?", "ಪ್ರೊಜೆಸ್ಟರಾನ್ ಲೋ ಬಂದಿದೆಯಂತೆ, ಮಾತ್ರೆ ಕೊಟ್ಟಿದ್ದಾರಂತೆ" ಅನ್ನೋ ಮಾತು. ಕೇಳಿ ಕೇಳಿ ನನಗೆ ಕುತೂಹಲ ಹತ್ತಿತು. ಬಸಿರು ಹೆಂಗಸಿನ ರಕ್ತದಲ್ಲಿ ಓಡಾಡುವ ಈ ಹಾರ್ಮೋನುಗಳನ್ನು ಮೊದಲು ಅಳೆದವರು ಯಾರು? ಅಳೆದು ಏನು ಮಾಡಿದರು? ಹುಡುಕುತ್ತಾ ಹೋದಾಗ ಸಿಕ್ಕಿದ ಕಥೆಯ ನಡುವೆ ಒಂದು ದೊಡ್ಡ ದುರಂತ ಇದೆ. ಅದಕ್ಕೆ ಕಾರಣ ದುಷ್ಟತನ ಅಲ್ಲ, ಸೋಮಾರಿತನವೂ ಅಲ್ಲ. ಶ್ರದ್ಧೆಯಿಂದ ಅಳೆದ ಒಂದು ಸಂಖ್ಯೆ, ಅಷ್ಟೇ. ಸ್ವಲ್ಪ ಉದ್ದದ ಬರಹ, ಕಾಫಿ ಹಿಡ್ಕೊಂಡು ಕೂತ್ಕೊಳ್ಳಿ.

ಮೊದಲು ಪಾತ್ರಧಾರಿಗಳ ಪರಿಚಯ. ಮೂರೇ ಜನ.

ಒಂದನೆಯದು ಎಚ್‌ಸಿಜಿ. ಗರ್ಭಕೋಶದ ಗೋಡೆಗೆ ಬಂದು ಅಂಟಿಕೊಂಡ ಭ್ರೂಣದಲ್ಲಿ, ಮುಂದೆ ಮಾಸು ಅಂದರೆ ಪ್ಲಸೆಂಟಾ ಆಗಲಿರುವ ಜೀವಕೋಶಗಳು ಇದನ್ನು ತಯಾರಿಸುತ್ತವೆ. ಇದು ತಾಯಿಗೆ ಹೋಗುವ ಒಂದು ಸಂದೇಶ: "ನಾನು ಬಂದಿದ್ದೀನಿ, ಈ ಸಲ ಮುಟ್ಟಾಗೋದು ಬೇಡ." ಮೊದಲ ಕೆಲವು ವಾರ ಸುಮಾರು ಎರಡು ದಿನಕ್ಕೊಮ್ಮೆ ದುಪ್ಪಟ್ಟಾಗುತ್ತಾ ಹೋಗಿ, ಎಂಟರಿಂದ ಹನ್ನೊಂದನೇ ವಾರದ ಹೊತ್ತಿಗೆ ತುದಿ ಮುಟ್ಟಿ, ಆಮೇಲೆ ತಾನಾಗಿಯೇ ಇಳಿಯುತ್ತದೆ.

ಎರಡನೆಯದು ಪ್ರೊಜೆಸ್ಟರಾನ್. ಗರ್ಭಕೋಶದ ಒಳಪದರವನ್ನು ಭ್ರೂಣ ನೆಲೆಸಲು ಹದಮಾಡುವುದು, ಗರ್ಭಕೋಶ ಹಿಂಡದಂತೆ ಸುಮ್ಮನಿರಿಸುವುದು ಇದರ ಕೆಲಸ. ಅಂಡಾಶಯದಲ್ಲಿ ಅಂಡ ಹೊರಬಿದ್ದ ಜಾಗದಲ್ಲಿ ಹಳದಿ ಬಣ್ಣದ ಒಂದು ಪುಟ್ಟ ಗಂಟು ಬೆಳೆಯುತ್ತದೆ, ಅದರ ಹೆಸರು ಕಾರ್ಪಸ್ ಲೂಟಿಯಂ. ಶುರುವಿನ ವಾರಗಳಲ್ಲಿ ಪ್ರೊಜೆಸ್ಟರಾನ್ ಬರುವುದು ಅಲ್ಲಿಂದ. ಎಚ್‌ಸಿಜಿ ಸಂದೇಶ ಹೋಗುವುದೂ ಈ ಗಂಟಿಗೇ. ಆಮೇಲೆ ಮಾಸು ಆ ಕೆಲಸವನ್ನು ತಾನೇ ವಹಿಸಿಕೊಂಡು, ತಿಂಗಳು ತುಂಬುವ ಹೊತ್ತಿಗೆ ದಿನಕ್ಕೆ ಸುಮಾರು 250 ಮಿಲಿಗ್ರಾಂ ತಯಾರಿಸುತ್ತಿರುತ್ತದೆ.

ಮೂರನೆಯದು ಈಸ್ಟ್ರೋಜನ್ ಕುಟುಂಬ. ಈ ಕುಟುಂಬದಲ್ಲಿ ಬಸಿರಿನ ಕಾಲಕ್ಕೇ ವಿಶೇಷವಾದದ್ದು ಈಸ್ಟ್ರಿಯಾಲ್. ಅದರ ಗುಟ್ಟು ಕೊನೆಗೆ ಹೇಳ್ತೀನಿ, ಕಥೆಯ ಕೀಲಿ ಇರೋದು ಅಲ್ಲಿಯೇ.

ಹಾರ್ಮೋನ್ ಅನ್ನೋ ಪದಕ್ಕೇ ಹೆಚ್ಚು ವಯಸ್ಸಾಗಿಲ್ಲ. ಲಂಡನ್ನಿನ ಅರ್ನೆಸ್ಟ್ ಸ್ಟಾರ್ಲಿಂಗ್ ಅದನ್ನು ಬಳಕೆಗೆ ತಂದದ್ದು 1905ರಲ್ಲಿ. ಅದೇ ಹೊತ್ತಿಗೆ ಜರ್ಮನಿಯಲ್ಲಿ ಲುಡ್ವಿಗ್ ಫ್ರಾಂಕೆಲ್ ಅನ್ನುವ ವೈದ್ಯ, ಬಸಿರು ಮೊಲಗಳ ಕಾರ್ಪಸ್ ಲೂಟಿಯಂ ತೆಗೆದರೆ ಬಸಿರು ನಿಲ್ಲುವುದಿಲ್ಲ ಅಂತ ತೋರಿಸಿದ್ದರು. ಅಂದರೆ ಆ ಹಳದಿ ಗಂಟಿನಿಂದ ಏನೋ ಒಂದು ರಸ ರಕ್ತಕ್ಕೆ ಸೇರುತ್ತಿದೆ. ಆ ರಸವನ್ನು ಅಮೆರಿಕದ ರೋಚೆಸ್ಟರಿನಲ್ಲಿ ಜಾರ್ಜ್ ಕಾರ್ನರ್ ಮತ್ತು ವಿಲ್ಲರ್ಡ್ ಅಲೆನ್ 1929ರಲ್ಲಿ ಹಿಂಡಿ ತೆಗೆದರು. 1934ರಲ್ಲಿ ನಾಲ್ಕು ಬೇರೆ ಬೇರೆ ಗುಂಪುಗಳು ಅದನ್ನು ಶುದ್ಧ ರೂಪದಲ್ಲಿ ಪಡೆದವು. ಅದೇ ಪ್ರೊಜೆಸ್ಟರಾನ್.

ಎಚ್‌ಸಿಜಿ ಕಥೆ ಇನ್ನೂ ಸ್ವಾರಸ್ಯ. ಬರ್ಲಿನ್ನಿನ ಷಾರಿಟೆ ಆಸ್ಪತ್ರೆಯಲ್ಲಿದ್ದ ಸೆಲ್ಮಾರ್ ಆಶ್‌ಹೈಮ್ ಮತ್ತು ಬರ್ನ್‌ಹಾರ್ಡ್ ಝೋಂಡೆಕ್ 1927-28ರಲ್ಲಿ ಒಂದು ಪರೀಕ್ಷೆ ಕಂಡುಹಿಡಿದರು. ಹೆಂಗಸಿನ ಮೂತ್ರವನ್ನು ಇನ್ನೂ ಬಲಿಯದ ಐದು ಹೆಣ್ಣು ಇಲಿಮರಿಗಳಿಗೆ ಚುಚ್ಚುವುದು, ನಾಲ್ಕು ದಿನದ ನಂತರ ಅವುಗಳನ್ನು ಕೊಯ್ದು ಅಂಡಾಶಯ ನೋಡುವುದು. ಬಲಿಯದ ಇಲಿಯ ಅಂಡಾಶಯ ಬಲಿತಿದ್ದರೆ ಆಕೆ ಬಸಿರು. 1931ರಲ್ಲಿ ಪೆನ್ಸಿಲ್ವೇನಿಯಾದ ಮಾರಿಸ್ ಫ್ರೀಡ್‌ಮನ್ ಇಲಿಯ ಬದಲು ಮೊಲ ತಂದರು. ಅಮೆರಿಕದಲ್ಲಿ "ಮೊಲ ಸತ್ತಿತು" ಅಂದರೆ "ನಾನು ಬಸಿರು" ಅನ್ನೋ ಅರ್ಥ ಬಂದದ್ದು ಆಗಲೇ. ಪಾಪ, ಫಲಿತಾಂಶ ಯಾವುದೇ ಬಂದರೂ ಮೊಲವಂತೂ ಸಾಯುತ್ತಿತ್ತು, ಒಳಗೆ ನೋಡೋದಕ್ಕೆ ಅದನ್ನು ಕೊಯ್ಯಲೇಬೇಕಿತ್ತಲ್ಲ. ಆಮೇಲೆ ದಕ್ಷಿಣ ಆಫ್ರಿಕಾದ ಕಪ್ಪೆ ಬಂತು. ಅದಕ್ಕೆ ಚುಚ್ಚಿದರೆ ಒಂದು ದಿನದೊಳಗೆ ಮೊಟ್ಟೆ ಇಡುತ್ತಿತ್ತು, ಕೊಯ್ಯುವ ಕಷ್ಟ ಇರಲಿಲ್ಲ, ಅದೇ ಕಪ್ಪೆಯನ್ನು ಮತ್ತೆ ಬಳಸಬಹುದಿತ್ತು.

ಆಶ್‌ಹೈಮ್ ಮತ್ತು ಝೋಂಡೆಕ್ ಇಬ್ಬರೂ ಯಹೂದಿಗಳು. ಹಿಟ್ಲರ್ ಬಂದ ಮೇಲೆ ಒಬ್ಬರು ಪ್ಯಾರಿಸ್ಸಿಗೆ, ಇನ್ನೊಬ್ಬರು ಜೆರುಸಲೇಮಿಗೆ ಹೋಗಬೇಕಾಯಿತು. ಈ ಹಾರ್ಮೋನ್ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಬರುತ್ತದೆ ಅಂತ ಅವರು ನಂಬಿದ್ದರು. ಮಾಸಿನ ಜೀವಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಿ, ಅವೇ ಇದನ್ನು ತಯಾರಿಸುತ್ತವೆ ಅಂತ 1938ರಲ್ಲಿ ತೋರಿಸಿದ್ದು ಬಾಲ್ಟಿಮೋರಿನ ಗುಂಪು. ಅದರಲ್ಲಿದ್ದವರು ಹೀಲಾ ಜೀವಕೋಶಗಳಿಂದ ಮುಂದೆ ಹೆಸರಾದ ಜಾರ್ಜ್ ಗೈ, ಮತ್ತು ಅಮೆರಿಕದ ಮೊದಲ ಪ್ರನಾಳ ಶಿಶುವಿನ ಹಿಂದಿದ್ದ ಜಾರ್ಜಿಯಾನಾ ಸೀಗರ್ ಜೋನ್ಸ್.

ಇಲ್ಲಿವರೆಗೆ ಪ್ರಶ್ನೆ ಇದ್ದದ್ದು "ಇದೆಯೋ, ಇಲ್ಲವೋ" ಅಂತ. ಮುಂದಿನ ಪ್ರಶ್ನೆ "ಎಷ್ಟಿದೆ?" ತೊಂದರೆ ಶುರುವಾಗಿದ್ದು ಅಲ್ಲಿಂದ.

*

ಬಾಸ್ಟನ್ ಪಕ್ಕದ ಬ್ರೂಕ್‌ಲೈನಿನಲ್ಲಿ 1930ರ ದಶಕದಲ್ಲಿ ಗಂಡ-ಹೆಂಡತಿ ಜೋಡಿಯೊಂದು ಕೆಲಸ ಮಾಡುತ್ತಿತ್ತು. ಗಂಡ ಜಾರ್ಜ್ ಸ್ಮಿತ್ ಹಾರ್ವರ್ಡಿನ ಸ್ತ್ರೀರೋಗ ತಜ್ಞ. ಹೆಂಡತಿ ಆಲಿವ್ ವಾಟ್‌ಕಿನ್ಸ್ ಸ್ಮಿತ್ ಜೀವರಸಾಯನ ಶಾಸ್ತ್ರಜ್ಞೆ. ಗರ್ಭಿಣಿಯರ ರಕ್ತ ಮತ್ತು ಮೂತ್ರದಲ್ಲಿ ಯಾವ ಹಾರ್ಮೋನ್ ಎಷ್ಟಿದೆ ಅಂತ ವರ್ಷಗಟ್ಟಲೆ ಅಳೆದವರು ಇವರು. ಆಗ ಈಗಿನ ಹಾಗೆ ಮಷಿನ್ ಇರಲಿಲ್ಲ, ಪ್ರಯೋಗಾಲಯದ ಇಲಿಗಳೇ ಮೀಟರು. ಎಂಥ ತಾಳ್ಮೆಯ ಕೆಲಸ ಇರಬೇಕು ಅಂತ ಊಹಿಸಿಕೊಳ್ಳಿ.

ಅವರಿಗೆ ಒಂದು ಪ್ಯಾಟರ್ನ್ ಕಾಣಿಸಿತು. ಬಸಿರಿನ ಕೊನೆಯ ತಿಂಗಳುಗಳಲ್ಲಿ ಬಿಪಿ ಏರಿ, ಮೈಕೈ ಊದಿ, ತಾಯಿ-ಮಗು ಇಬ್ಬರ ಜೀವಕ್ಕೂ ಅಪಾಯ ತರುವ ಕಾಯಿಲೆ ಒಂದಿದೆ. ಆಗ ಅದನ್ನು ಟಾಕ್ಸೀಮಿಯಾ ಅನ್ನುತ್ತಿದ್ದರು, ಈಗ ಪ್ರಿ-ಎಕ್ಲಾಂಪ್ಸಿಯಾ. ಆ ಕಾಯಿಲೆ ಬಂದ ತಾಯಂದಿರ ರಕ್ತದಲ್ಲಿ ಎಚ್‌ಸಿಜಿ ಜಾಸ್ತಿ, ಈಸ್ಟ್ರೋಜನ್ ಕಡಿಮೆ ಇತ್ತು. 1934ರಲ್ಲೇ ಇದನ್ನು ಪ್ರಕಟಿಸಿದರು. ಮುಂದೆ ಪ್ರೊಜೆಸ್ಟರಾನ್ ದೇಹದಲ್ಲಿ ಒಡೆದು ಮೂತ್ರದಲ್ಲಿ ಹೋಗುವ ಪ್ರೆಗ್ನನ್‌ಡಯಾಲ್ ಅನ್ನೂ ಅಳೆಯಲು ಸಾಧ್ಯವಾದಾಗ, ತೊಂದರೆ ಕಾಣಿಸಿಕೊಳ್ಳುವ ಮೊದಲೇ ಅದು ಇಳಿಯುತ್ತದೆ ಅಂತ ಕಂಡರು.

ಈಗ ನೀವೇ ಅವರ ಜಾಗದಲ್ಲಿ ನಿಂತು ಯೋಚಿಸಿ. ಮೊದಲು ಸಂಖ್ಯೆ ಇಳಿಯುತ್ತದೆ, ಆಮೇಲೆ ಕಾಯಿಲೆ ಬರುತ್ತದೆ. ಹಾಗಾದರೆ ಸಂಖ್ಯೆ ಇಳಿಯದಂತೆ ನೋಡಿಕೊಂಡರೆ? ನನಗಂತೂ ಇದು ಬಹಳ ಸಹಜವಾದ ಯೋಚನೆ ಅನ್ನಿಸಿತು.

ಅದಕ್ಕೆ ಬೇಕಾದ ಮದ್ದೂ ಸಿದ್ಧವಾಗಿತ್ತು. 1938ರಲ್ಲಿ ಲಂಡನ್ನಿನ ಚಾರ್ಲ್ಸ್ ಡಾಡ್ಸ್ ಮತ್ತು ಜೊತೆಯವರು ಡೈಈಥೈಲ್‌ಸ್ಟಿಲ್ಬೆಸ್ಟ್ರಾಲ್ ಅನ್ನುವ ಕೃತಕ ಈಸ್ಟ್ರೋಜನ್ ತಯಾರಿಸಿದ್ದರು. ಚಿಕ್ಕದಾಗಿ ಡಿಇಎಸ್. ಅಗ್ಗ, ಮಾತ್ರೆಯಾಗಿ ನುಂಗಬಹುದು, ಕೆಲಸವೂ ಜೋರು. ಸಾರ್ವಜನಿಕ ಹಣದಲ್ಲಿ ನಡೆದ ಸಂಶೋಧನೆ ಅಂತ ಪೇಟೆಂಟ್ ಕೂಡ ಮಾಡಿಸಿರಲಿಲ್ಲ. ಹಾಗಾಗಿ ಯಾರು ಬೇಕಾದರೂ ತಯಾರಿಸಬಹುದಿತ್ತು, ನೂರಾರು ಕಂಪನಿಗಳು ತಯಾರಿಸಿದವು ಕೂಡ. ಓಪನ್ ಸೋರ್ಸ್ ಔಷಧಿ ಅನ್ನಬಹುದೇನೋ. (ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಕೋರ್ಟಿನಲ್ಲಿ ಬರುತ್ತೆ.)

ಡಿಇಎಸ್ ಕೊಟ್ಟರೆ ಮಾಸು ಚುರುಕಾಗಿ ತನ್ನ ಹಾರ್ಮೋನುಗಳನ್ನು ತಾನೇ ಜಾಸ್ತಿ ತಯಾರಿಸುತ್ತದೆ ಅನ್ನುವುದು ಸ್ಮಿತ್ ದಂಪತಿಗಳ ಸಿದ್ಧಾಂತ. ಏಳನೇ ವಾರದ ಆಸುಪಾಸಿನಲ್ಲಿ ದಿನಕ್ಕೆ 5 ಮಿಲಿಗ್ರಾಂನಿಂದ ಶುರುಮಾಡಿ, ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾ 35ನೇ ವಾರಕ್ಕೆ ದಿನಕ್ಕೆ 125 ಮಿಲಿಗ್ರಾಂ. ಸಹಜವಾಗಿ ಏರುವ ಹಾರ್ಮೋನಿನ ಗೆರೆಯನ್ನು ಹಿಂಬಾಲಿಸುವ ಲೆಕ್ಕಾಚಾರ. 1947ರಲ್ಲಿ ಅಮೆರಿಕದ ಎಫ್‌ಡಿಎ ಬಸಿರಿನಲ್ಲಿ ಕೊಡಲು ಅನುಮತಿ ನೀಡಿತು. 1948ರಲ್ಲಿ ಆಲಿವ್ ಸ್ಮಿತ್ 632 ಬಸಿರುಗಳ ವರದಿ ಪ್ರಕಟಿಸಿದರು. ಗರ್ಭಪಾತ ಕಡಿಮೆ, ದಿನ ತುಂಬುವ ಮೊದಲಿನ ಹೆರಿಗೆ ಕಡಿಮೆ ಅಂತ ಆ ವರದಿ ಹೇಳಿತು.

ಆದರೆ ಅದರಲ್ಲಿ ಒಂದು ತೂತು ಇತ್ತು. ಮಾತ್ರೆ ತೆಗೆದುಕೊಂಡವರನ್ನು ಅದೇ ಆರೈಕೆ, ಅದೇ ಗಮನ ಪಡೆದು ಹುಸಿ ಮಾತ್ರೆ ನುಂಗಿದವರ ಜೊತೆ ಹೋಲಿಸಿರಲಿಲ್ಲ. ಹಿಂದೆ ಗರ್ಭಪಾತವಾದ ಹೆಂಗಸರಲ್ಲಿ ಎಷ್ಟೋ ಜನಕ್ಕೆ ಮುಂದಿನ ಬಸಿರು ಯಾವ ಮದ್ದೂ ಇಲ್ಲದೆ ನಿಲ್ಲುತ್ತದೆ. ಅದರ ಶ್ರೇಯಸ್ಸೆಲ್ಲ ಮಾತ್ರೆಗೆ ಹೋಯಿತು.

ಷಿಕಾಗೋದ ವಿಲಿಯಂ ಡಿಕ್‌ಮನ್ ಆ ತೂತನ್ನು ಮುಚ್ಚಿ ಪರೀಕ್ಷೆ ಮಾಡಿದರು. ಅಲ್ಲಿನ ಲೈಯಿಂಗ್-ಇನ್ ಆಸ್ಪತ್ರೆಯ 1646 ಗರ್ಭಿಣಿಯರು. 840 ಜನಕ್ಕೆ ಡಿಇಎಸ್, 806 ಜನಕ್ಕೆ ನೋಡಲು ಅದೇ ಥರದ ಹುಸಿ ಮಾತ್ರೆ. 1953ರಲ್ಲಿ ಬಂದ ಫಲಿತಾಂಶ: ಏನೂ ಪ್ರಯೋಜನವಿಲ್ಲ. ಗರ್ಭಪಾತ ಕಡಿಮೆಯಾಗಲಿಲ್ಲ, ಟಾಕ್ಸೀಮಿಯಾ ಕಡಿಮೆಯಾಗಲಿಲ್ಲ, ಮಕ್ಕಳು ಹೆಚ್ಚು ಗಟ್ಟಿಯಾಗಿ ಹುಟ್ಟಲಿಲ್ಲ. ಅದೇ ವರ್ಷ ನ್ಯೂ ಆರ್ಲಿಯನ್ಸಿನ ಇನ್ನೊಂದು ಪರೀಕ್ಷೆಯೂ ಅದನ್ನೇ ಹೇಳಿತು. ಡಿಕ್‌ಮನ್ ಅವರ ಅಂಕಿಅಂಶಗಳನ್ನೇ 1978ರಲ್ಲಿ ಬೇರೆಯವರು ಮತ್ತೆ ಲೆಕ್ಕ ಹಾಕಿದಾಗ, ಡಿಇಎಸ್ ತೆಗೆದುಕೊಂಡವರಲ್ಲಿ ಗರ್ಭಪಾತ ಮತ್ತು ಅವಧಿಪೂರ್ವ ಹೆರಿಗೆ ಜಾಸ್ತಿಯೇ ಇತ್ತು ಅಂತ ಗೊತ್ತಾಯಿತು. (ಈ ಪರೀಕ್ಷೆಗೂ ಕಳಂಕ ಇಲ್ಲದಿಲ್ಲ. ತಮಗೆ ಕೊಡುತ್ತಿರುವುದು ಏನು ಅಂತ ಹೇಳಿರಲಿಲ್ಲ ಅಂತ ಅದರಲ್ಲಿದ್ದ ತಾಯಂದಿರು ಮುಂದೆ ವಿಶ್ವವಿದ್ಯಾಲಯದ ಮೇಲೆ ಕೇಸು ಹಾಕಿದರು.)

1953ಕ್ಕೆ ಕಥೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಇನ್ನೂ 18 ವರ್ಷ ವೈದ್ಯರು ಡಿಇಎಸ್ ಬರೆಯುತ್ತಲೇ ಇದ್ದರು.

ಯಾಕೆ ಅಂತ ಯೋಚಿಸಿದರೆ ಯಾರನ್ನೂ ಸುಲಭವಾಗಿ ಬೈಯಲು ಆಗಲ್ಲ. ಎರಡು ಮಕ್ಕಳನ್ನು ಕಳೆದುಕೊಂಡ ಹೆಂಗಸು ಮೂರನೇ ಬಸಿರಿನಲ್ಲಿ ಎದುರು ಕೂತಿದ್ದಾಳೆ. "ಏನಾದರೂ ಮಾಡಿ ಡಾಕ್ಟ್ರೇ" ಅಂತಾಳೆ. ಸುಮ್ಮನೆ ಕಾಯಿರಿ ಅನ್ನೋದು ಆಕೆಗೂ ಕಷ್ಟ, ವೈದ್ಯರಿಗೂ ಕಷ್ಟ. ಕೊಟ್ಟರೆ ನಷ್ಟವೇನಿಲ್ಲವಲ್ಲ ಅನ್ನೋ ಭಾವನೆ. ಮಗು ಉಳಿದರೆ ಮಾತ್ರೆಯಿಂದ ಉಳಿಯಿತು, ಉಳಿಯದಿದ್ದರೆ ಮಾತ್ರೆಯೂ ಉಳಿಸಲಾಗಲಿಲ್ಲ. ಈ ವಾದದಲ್ಲಿ ಮಾತ್ರೆ ಸೋಲುವ ದಾರಿಯೇ ಇಲ್ಲ ನೋಡಿ.

*

1966ರಿಂದ 69ರ ನಡುವೆ ಬಾಸ್ಟನ್ನಿನ ಒಂದೇ ಆಸ್ಪತ್ರೆಗೆ ಒಂದು ವಿಚಿತ್ರ ಕ್ಯಾನ್ಸರಿನ ಏಳು ಹುಡುಗಿಯರು ಬಂದರು. ಯೋನಿಯಲ್ಲಿ ಹುಟ್ಟುವ ಅಡಿನೋಕಾರ್ಸಿನೋಮಾ. ಆ ವಯಸ್ಸಿನಲ್ಲಿ ಇದು ಹೆಚ್ಚುಕಡಿಮೆ ಯಾರೂ ಕಾಣದ ಕಾಯಿಲೆ. ಹುಡುಗಿಯರ ವಯಸ್ಸು 15ರಿಂದ 22. ಪಕ್ಕದ ಆಸ್ಪತ್ರೆಯಲ್ಲಿ ಎಂಟನೆಯವಳು ಸಿಕ್ಕಳು. ಆರ್ಥರ್ ಹರ್ಬ್‌ಸ್ಟ್ ಮತ್ತು ಹೊವರ್ಡ್ ಉಲ್ಫೆಲ್ಡರ್ ಅನ್ನುವ ವೈದ್ಯರು ತಲೆ ಕೆಡಿಸಿಕೊಂಡರು.

ಸುಳಿವು ಕೊಟ್ಟದ್ದು ಒಬ್ಬ ಹುಡುಗಿಯ ತಾಯಿ. "ನಾನು ಬಸಿರಿದ್ದಾಗ ಡಿಇಎಸ್ ತೆಗೆದುಕೊಂಡಿದ್ದೆ, ಅದರಿಂದ ಇರಬಹುದಾ?" ಅಂತ ಉಲ್ಫೆಲ್ಡರ್ ಅವರನ್ನು ಕೇಳಿದರು. ಇಪ್ಪತ್ತು ವರ್ಷದ ಹಿಂದೆ ತಾಯಿ ನುಂಗಿದ ಮಾತ್ರೆ, ಈಗ ಮಗಳ ಕ್ಯಾನ್ಸರ್... ಮೊದಲಿಗೆ ಯಾರಿಗೂ ಹೊಳೆಯುವ ಸಂಬಂಧ ಅಲ್ಲ ಇದು. ಆದರೂ ಅವರು ಎಂಟೂ ಹುಡುಗಿಯರ ತಾಯಂದಿರನ್ನು ವಿಚಾರಿಸಿದರು. ಹೋಲಿಕೆಗೆ ಒಬ್ಬೊಬ್ಬ ಹುಡುಗಿಗೂ ಅದೇ ಸಮಯದಲ್ಲಿ, ಅದೇ ಆಸ್ಪತ್ರೆಯಲ್ಲಿ ಹುಟ್ಟಿದ ನಾಲ್ಕು ನಾಲ್ಕು ಜನರನ್ನು ಆರಿಸಿ, ಆ 32 ಜನರ ತಾಯಂದಿರನ್ನೂ ವಿಚಾರಿಸಿದರು. ಕಾಯಿಲೆಯ ಎಂಟರಲ್ಲಿ ಏಳು ತಾಯಂದಿರು ಡಿಇಎಸ್ ತೆಗೆದುಕೊಂಡಿದ್ದರು. ಆ 32ರಲ್ಲಿ ಒಬ್ಬರೂ ಇಲ್ಲ.

ಇದು ಪ್ರಕಟವಾದದ್ದು 1971ರ ಏಪ್ರಿಲ್‌ನಲ್ಲಿ. ಅದೇ ವರ್ಷದ ನವೆಂಬರಿನಲ್ಲಿ ಎಫ್‌ಡಿಎ, ಬಸಿರಿನಲ್ಲಿ ಡಿಇಎಸ್ ಕೊಡಬೇಡಿ ಅಂತ ವೈದ್ಯರಿಗೆ ಎಚ್ಚರಿಕೆ ನೀಡಿತು. ಫ್ರಾನ್ಸಿನಲ್ಲಿ ಅದು 1977ರ ತನಕ ನಡೆಯಿತು. ಅಮೆರಿಕ ಒಂದರಲ್ಲೇ ಡಿಇಎಸ್ ಸೋಕಿದ ತಾಯಂದಿರು, ಮಕ್ಕಳು ಸೇರಿ 50 ಲಕ್ಷದಿಂದ ಒಂದು ಕೋಟಿ ಜನ ಅಂತ ಅಂದಾಜು. ಆ ಕ್ಯಾನ್ಸರ್ ಬಂದದ್ದು ಸುಮಾರು ಸಾವಿರ ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ. ಆದರೆ ಬೇರೆ ತೊಂದರೆಗಳು ಎಷ್ಟೋ ಹೆಚ್ಚು ಜನಕ್ಕೆ ಬಂದವು: ಗರ್ಭಕೋಶದ ಆಕಾರವೇ ಬದಲಾಗುವುದು, ಬಸಿರಾಗದಿರುವುದು, ಗರ್ಭಪಾತ, ದಿನ ತುಂಬುವ ಮೊದಲೇ ಹೆರಿಗೆ. ಗರ್ಭಪಾತ ತಡೆಯಲು ತಾಯಿ ನುಂಗಿದ ಮಾತ್ರೆ ಮಗಳಿಗೆ ಗರ್ಭಪಾತವನ್ನೇ ಬಳುವಳಿಯಾಗಿ ಕೊಟ್ಟಿತು. ಇದನ್ನು ಓದಿದ ದಿನ ನಾನು ಸ್ವಲ್ಪ ಹೊತ್ತು ಲ್ಯಾಪ್‌ಟಾಪ್ ಮುಚ್ಚಿಟ್ಟು ಕೂತಿದ್ದೆ.

ಕೋರ್ಟಿನ ವಿಷಯ. ಹೆಣ್ಣುಮಕ್ಕಳು ಕೇಸು ಹಾಕಿದರು, ಆದರೆ ಯಾರ ಮೇಲೆ? ಪೇಟೆಂಟ್ ಇಲ್ಲದ ಮಾತ್ರೆ, ನೂರಾರು ತಯಾರಕರು. ತನ್ನ ಅಮ್ಮ ದಶಕಗಳ ಹಿಂದೆ ನುಂಗಿದ್ದು ಯಾವ ಕಂಪನಿಯದ್ದು ಅಂತ ಯಾವ ಮಗಳಿಗೆ ಗೊತ್ತಿರುತ್ತೆ? 1980ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು ಸಿಂಡೆಲ್ ಕೇಸಿನಲ್ಲಿ ಹೊಸ ದಾರಿ ಮಾಡಿತು. ಮಾರುಕಟ್ಟೆಯಲ್ಲಿ ಯಾವ ಕಂಪನಿಯ ಪಾಲು ಎಷ್ಟಿತ್ತೋ, ಪರಿಹಾರದಲ್ಲೂ ಅದರ ಪಾಲು ಅಷ್ಟು.

*

ಈಗ ಮುಖ್ಯ ಪ್ರಶ್ನೆ. ಸ್ಮಿತ್ ದಂಪತಿಗಳು ಅಳೆದದ್ದು ಸುಳ್ಳಾ? ಅಲ್ಲ. ಬಸಿರು ಕೆಡುತ್ತಿರುವಾಗ ಹಾರ್ಮೋನುಗಳು ಇಳಿಯುವುದು ನಿಜವೇ. ಎಡವಿದ್ದು ಬಾಣದ ಗುರುತು ಯಾವ ಕಡೆಗೆ ಅನ್ನುವುದರಲ್ಲಿ.

ಇದು ಸ್ಪಷ್ಟವಾದದ್ದು 1960ರ ದಶಕದಲ್ಲಿ, ಸ್ಟಾಕ್‌ಹೋಮಿನ ಎಗಾನ್ ಡಿಚ್‌ಫಾಲುಸಿ ಅವರ ಕೆಲಸದಿಂದ. ಈಸ್ಟ್ರಿಯಾಲ್ ಗುಟ್ಟು ಹೇಳ್ತೀನಿ ಅಂದಿದ್ದೆನಲ್ಲ, ಇದೇ ಅದು. ತಾಯಿಯ ರಕ್ತದಲ್ಲಿ ಸಿಗುವ ಈಸ್ಟ್ರಿಯಾಲನ್ನು ತಾಯಿಯೊಬ್ಬಳೇ ತಯಾರಿಸುವುದಿಲ್ಲ. ಅದರ ಹೆಚ್ಚಿನ ಕಚ್ಚಾಮಾಲು ಹೊರಡುವುದು ಹೊಟ್ಟೆಯೊಳಗಿನ ಮಗುವಿನ ಅಡ್ರಿನಲ್ ಗ್ರಂಥಿಯಿಂದ. ಅದು ಮಗುವಿನ ಯಕೃತ್ತಿನಲ್ಲಿ ಸ್ವಲ್ಪ ಮಾರ್ಪಟ್ಟು, ಮಾಸಿಗೆ ಬಂದು ಅಲ್ಲಿ ಈಸ್ಟ್ರಿಯಾಲ್ ಆಗಿ ತಾಯಿಯ ರಕ್ತಕ್ಕೆ ಸೇರುತ್ತದೆ. ಮಗುವಿಗೆ ಹುಷಾರಿಲ್ಲದಿದ್ದರೆ ಕಚ್ಚಾಮಾಲು ಬರಲ್ಲ, ಮಾಸು ಸೊರಗಿದ್ದರೆ ಕಾರ್ಖಾನೆ ಓಡಲ್ಲ, ತಾಯಿಯ ರಕ್ತದಲ್ಲಿ ಸಂಖ್ಯೆ ಇಳಿಯುತ್ತದೆ. ಅಂದರೆ ಆ ಇಳಿಕೆ ಒಳಗಿನಿಂದ ಬಂದ ಕಾಗದ. ಹೊರಗಿನಿಂದ ಈಸ್ಟ್ರೋಜನ್ ಸುರಿಯುವುದು, ಕೆಟ್ಟ ಸುದ್ದಿ ಬರೆದ ಕಾಗದದ ಮೇಲೆ ಒಳ್ಳೆ ಸುದ್ದಿ ಬರೆದ ಹಾಗೆ.

1969ರಲ್ಲಿ ನ್ಯೂಜಿಲೆಂಡಿನ ಫ್ರಾನ್ಸ್ ಮತ್ತು ಲಿಗಿನ್ಸ್ ವಿವರಿಸಿದ ಒಂದು ಪ್ರಕರಣ ಇದಕ್ಕಿಂತ ಚೆನ್ನಾಗಿದೆ. ಕೆಲವು ಗಂಡುಮಕ್ಕಳ ಮಾಸಿನಲ್ಲಿ ಸಲ್ಫಟೇಸ್ ಅನ್ನುವ ಒಂದು ಕಿಣ್ವ ಹುಟ್ಟಿನಿಂದಲೇ ಇರುವುದಿಲ್ಲ. ಅದಿಲ್ಲದೆ ಈಸ್ಟ್ರಿಯಾಲ್ ತಯಾರಾಗದು. ಹೀಗಾಗಿ ತಾಯಿಯ ಈಸ್ಟ್ರಿಯಾಲ್ ಪಾತಾಳದಲ್ಲಿರುತ್ತದೆ. ರಿಪೋರ್ಟ್ ನೋಡಿದರೆ ಮಗು ಬದುಕಿರುವುದೇ ಅನುಮಾನ ಅನ್ನಬೇಕು. ಆದರೆ ಮಗು ಸಾಮಾನ್ಯವಾಗಿ ಚೆನ್ನಾಗಿಯೇ ಹುಟ್ಟುತ್ತದೆ, ಮುಂದೆ ಚರ್ಮ ಒಣಗಿ ಹುರುಪೆ ಏಳುವ ತೊಂದರೆ ಬರುತ್ತದೆ ಅಷ್ಟೇ. ಅಂದರೆ ಬಸಿರು ನಿಲ್ಲಲು ಅಷ್ಟೊಂದು ಈಸ್ಟ್ರಿಯಾಲ್ ಬೇಕಾಗಿಯೇ ಇರಲಿಲ್ಲ!

ಹಾಗಂತ ಸಂಖ್ಯೆ ಯಾವಾಗಲೂ ಬರೀ ಕಾಗದ ಅನ್ನೋಕೂ ಆಗಲ್ಲ. 1970ರ ದಶಕದ ಆರಂಭದಲ್ಲಿ ಸೇಂಟ್ ಲೂಯಿಯ ಆರ್ಪಾಡ್ ಚಾಪೋ, ಗರ್ಭ ತೆಗೆಸಿಕೊಳ್ಳಲು ಬಂದಿದ್ದ ಹೆಂಗಸರಲ್ಲಿ ಮೊದಲು ಕಾರ್ಪಸ್ ಲೂಟಿಯಂ ಮಾತ್ರ ತೆಗೆದು ನೋಡಿದರು. ಏಳನೇ ವಾರಕ್ಕಿಂತ ಮುಂಚೆ ತೆಗೆದರೆ ಪ್ರೊಜೆಸ್ಟರಾನ್ ಕುಸಿದು ಗರ್ಭಪಾತವಾಯಿತು. ಒಂಬತ್ತನೇ ವಾರ ದಾಟಿದ ಮೇಲೆ ತೆಗೆದರೆ ಬಸಿರು ಉಳಿಯಿತು, ಅಷ್ಟು ಹೊತ್ತಿಗೆ ಮಾಸು ಕೆಲಸ ವಹಿಸಿಕೊಂಡಿತ್ತು. ಮೊದಲೇ ತೆಗೆದರೂ ಹೊರಗಿನಿಂದ ಪ್ರೊಜೆಸ್ಟರಾನ್ ಕೊಟ್ಟಾಗ ಬಸಿರು ನಿಂತಿತು. ಅಲ್ಲಿ ಕೊರತೆಯೇ ಕಾರಣ. ಐವಿಎಫ್ ಮಾಡಿಸಿಕೊಂಡವರಿಗೆ ಪ್ರೊಜೆಸ್ಟರಾನ್ ಕೊಡುವುದರ ಹಿಂದೆ ಇರುವುದೂ ಇದೇ ತಿಳಿವಳಿಕೆ. ಅಂದರೆ ಒಂದೇ ಹಾರ್ಮೋನ್ ಒಮ್ಮೆ ಕಾರಣ, ಇನ್ನೊಮ್ಮೆ ಪರಿಣಾಮ. ಸಂಖ್ಯೆ ನೋಡಿದ ಮಾತ್ರಕ್ಕೆ ಯಾವುದು ಅಂತ ಗೊತ್ತಾಗಲ್ಲ.

ಇಷ್ಟರಲ್ಲಿ ಅಳೆಯುವುದು ಬಹಳ ಸುಲಭವಾಗಿತ್ತು. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ರೊಸಾಲಿನ್ ಯಾಲೋ ಮತ್ತು ಸಾಲೊಮನ್ ಬೆರ್ಸನ್ 1960ರ ಸುಮಾರಿಗೆ ರೇಡಿಯೊ ಇಮ್ಯುನೊ ಅಸ್ಸೇ ವಿಧಾನ ಕೊಟ್ಟರು. ಯಾಲೋಗೆ 1977ರಲ್ಲಿ ನೊಬೆಲ್ ಬಂತು. ಬೆರ್ಸನ್ ಅಷ್ಟರಲ್ಲಿ ತೀರಿಕೊಂಡಿದ್ದರು. ಇದೇ ವಿಧಾನದಿಂದ 1972ರಲ್ಲಿ ಜೂಡಿತ್ ವೈಟುಕೈಟಿಸ್, ಗ್ಲೆನ್ ಬ್ರೌನ್‌ಸ್ಟೈನ್, ಗ್ರಿಫ್ ರಾಸ್ ಎಚ್‌ಸಿಜಿಯ ಬೀಟಾ ತುಂಡನ್ನು ಮಾತ್ರ ಗುರುತಿಸುವ ಪರೀಕ್ಷೆ ಮಾಡಿದರು. ಎಚ್‌ಸಿಜಿಯ ಇನ್ನೊಂದು ತುಂಡು ಬೇರೆ ಹಾರ್ಮೋನುಗಳಲ್ಲೂ ಇರುವುದರಿಂದ ಗೊಂದಲವಾಗುತ್ತಿತ್ತು. ಇವತ್ತು ರಿಪೋರ್ಟಿನಲ್ಲಿ ಬರುವ "ಬೀಟಾ" ಅದೇ. ಇಲಿ, ಮೊಲ, ಕಪ್ಪೆಗಳಿಗೆ ಕೊನೆಗೂ ರಿಟೈರ್‌ಮೆಂಟ್ :-)

ಅಳೆಯಲು ಸುಲಭವಾದರೆ ಅಳೆಯುತ್ತಲೇ ಇರುತ್ತೇವೆ. 70ರ ದಶಕದಲ್ಲಿ ತುಂಬು ಗರ್ಭಿಣಿಯರ ಈಸ್ಟ್ರಿಯಾಲ್ ಅಳೆದು ಯಾವಾಗ ಹೆರಿಗೆ ಮಾಡಿಸಬೇಕು ಅಂತ ನಿರ್ಧರಿಸುವುದು ವಾಡಿಕೆಯಾಯಿತು. 1976ರಲ್ಲಿ ಡಲ್ಲಾಸಿನ ವೈದ್ಯರು, ಫಲಿತಾಂಶ ತಿಳಿದು ಚಿಕಿತ್ಸೆ ಮಾಡಿದ ಗುಂಪು ಮತ್ತು ತಿಳಿಯದೆ ಮಾಡಿದ ಗುಂಪನ್ನು ಹೋಲಿಸಿದರು. ಮಕ್ಕಳ ಯೋಗಕ್ಷೇಮದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆ ಪರೀಕ್ಷೆ ಮೆಲ್ಲಗೆ ಮೂಲೆಗೆ ಹೋಯಿತು.

ಇವೇ ಎಚ್‌ಸಿಜಿ, ಈಸ್ಟ್ರಿಯಾಲ್ ಮತ್ತೆ ಬಳಕೆಗೆ ಬಂದದ್ದು 1988ರಲ್ಲಿ, ಲಂಡನ್ನಿನ ನಿಕೊಲಸ್ ವಾಲ್ಡ್ ಗುಂಪಿನ ಮೂಲಕ. ಡೌನ್ ಸಿಂಡ್ರೋಮ್ ಇರುವ ಬಸಿರಿನಲ್ಲಿ ತಾಯಿಯ ಎಚ್‌ಸಿಜಿ ಸರಾಸರಿಯಾಗಿ ಜಾಸ್ತಿ, ಈಸ್ಟ್ರಿಯಾಲ್ ಕಡಿಮೆ. ಇವೆರಡರ ಜೊತೆ ಆಲ್ಫಾ ಫೀಟೊ ಪ್ರೋಟೀನ್ ಮತ್ತು ತಾಯಿಯ ವಯಸ್ಸು ಸೇರಿಸಿ ಸಾಧ್ಯತೆ ಲೆಕ್ಕ ಹಾಕುವುದೇ ಟ್ರಿಪಲ್ ಟೆಸ್ಟ್. ಗಮನಿಸಿ, ಇಲ್ಲಿ ಯಾರೂ ಆ ಸಂಖ್ಯೆಯನ್ನು ಸರಿಪಡಿಸಲು ಹೋಗಲಿಲ್ಲ. ಕಾಗದವನ್ನು ಕಾಗದದ ಹಾಗೆ ಓದಿದರು.

ಇನ್ನು ಪ್ರೊಜೆಸ್ಟರಾನ್ ಮಾತ್ರೆಗಳ ವಿಷಯ. ಇದಕ್ಕೂ ಡಿಕ್‌ಮನ್ ಥರದ ಪರೀಕ್ಷೆ ಆಗಿದೆ. (ಇದು ಡಿಇಎಸ್ ಅಲ್ಲ, ದೇಹದಲ್ಲೇ ಇರುವ ಹಾರ್ಮೋನ್, ಗಾಬರಿ ಬೇಡ.) ಕಾರಣ ತಿಳಿಯದೆ ಪದೇ ಪದೇ ಗರ್ಭಪಾತವಾದ 836 ಹೆಂಗಸರ ಮೇಲೆ ನಡೆದ ಪ್ರಾಮಿಸ್ ಪರೀಕ್ಷೆ 2015ರಲ್ಲಿ ಪ್ರಕಟವಾಯಿತು. ಮಾತ್ರೆ ಪಡೆದವರಲ್ಲಿ ಶೇ. 65.8 ಜನಕ್ಕೆ ಮಗುವಾಯಿತು, ಹುಸಿ ಮಾತ್ರೆಯವರಲ್ಲಿ ಶೇ. 63.3. ಹೇಳಿಕೊಳ್ಳುವಂಥ ವ್ಯತ್ಯಾಸವಲ್ಲ. 2019ರ ಪ್ರಿಸಂ ಪರೀಕ್ಷೆಯಲ್ಲಿ, ಶುರುವಿನ ವಾರಗಳಲ್ಲಿ ರಕ್ತಸ್ರಾವ ಕಂಡ 4153 ಹೆಂಗಸರು. ಶೇ. 75 ಮತ್ತು ಶೇ. 72. ಒಟ್ಟಾರೆ ಇದೂ ಖಚಿತ ಲಾಭವಲ್ಲ. ಆದರೆ ರಕ್ತಸ್ರಾವದ ಜೊತೆ ಹಿಂದೆ ಮೂರು ಅಥವಾ ಹೆಚ್ಚು ಗರ್ಭಪಾತ ಆದವರನ್ನಷ್ಟೇ ನೋಡಿದರೆ ಶೇ. 72 ಮತ್ತು ಶೇ. 57. ಇದು ಸಣ್ಣ ವ್ಯತ್ಯಾಸವಲ್ಲ. 2021ರಲ್ಲಿ ಬ್ರಿಟನ್ನಿನ ಮಾರ್ಗಸೂಚಿ, ಹಿಂದೆ ಗರ್ಭಪಾತವಾಗಿದ್ದು ಈಗ ರಕ್ತಸ್ರಾವ ಇರುವವರಿಗೆ ಇದನ್ನು ಕೊಡಬಹುದು ಅಂದಿತು.

ಈ ಎರಡು ಪರೀಕ್ಷೆಗಳಲ್ಲೂ ಹೆಂಗಸರನ್ನು ಆರಿಸಿದ್ದು ರಕ್ತದ ಪ್ರೊಜೆಸ್ಟರಾನ್ ಸಂಖ್ಯೆ ನೋಡಿ ಅಲ್ಲ. ಅವರ ಹಿಂದಿನ ಬಸಿರುಗಳ ಕಥೆ ಕೇಳಿ, ಈಗ ರಕ್ತ ಹೋಗುತ್ತಿದೆಯಾ ಅಂತ ಕೇಳಿ. ಶುರುವಿನಲ್ಲೇ ನಿಲ್ಲದೆ ಹೋಗುವ ಬಸಿರುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಭ್ರೂಣದ ಕ್ರೋಮೊಸೋಮುಗಳಲ್ಲೇ ದೋಷ ಇರುತ್ತದೆ. ಅಲ್ಲಿ ಪ್ರೊಜೆಸ್ಟರಾನ್ ಇಳಿಯುವುದು ಪರಿಣಾಮ. ತಾಯಿ ಏನು ತಿಂದಳು, ಎಷ್ಟು ಮೆಟ್ಟಿಲು ಹತ್ತಿದಳು ಅನ್ನೋದಕ್ಕೂ ಅದಕ್ಕೂ ಸಂಬಂಧ ಇಲ್ಲ. "ಹಾರ್ಮೋನ್ ಕಡಿಮೆ ಇತ್ತಂತೆ" ಅಂತ ಮನೆಯವರು ಪಿಸುಗುಟ್ಟುವಾಗ, ಅದು ಅವಳ ದೇಹದ್ದೇ ಕೊರತೆ ಅನ್ನೋ ಆಪಾದನೆ ಆಗಿಬಿಡುತ್ತೆ. ಎಷ್ಟೋ ಸಲ ಅದು ಅವಳ ಕೊರತೆಯೇ ಅಲ್ಲ.

ಈ ಬರಹ ಓದಿ ಯಾರೂ ಡಾಕ್ಟರು ಬರೆದುಕೊಟ್ಟ ಮಾತ್ರೆ ನಿಲ್ಲಿಸಬೇಡಿ, ನಾನು ಕೋಡ್ ಬರೆಯುವವನು, ಡಾಕ್ಟರಲ್ಲ. ಆದರೆ ಕೇಳುವುದಕ್ಕೆ ಯಾವ ಡಿಗ್ರಿಯೂ ಬೇಡ. ಈ ಸಂಖ್ಯೆ ಏನು ಹೇಳುತ್ತಿದೆ? ಇದು ಕಾರಣವೋ, ಪರಿಣಾಮವೋ? ಇದನ್ನು ಏರಿಸಿದ್ದರಿಂದ ನನ್ನಂಥವರಿಗೆ ಅನುಕೂಲವಾಗಿದೆ ಅಂತ ಹೋಲಿಸಿ ನೋಡಿದ್ದಾರಾ? ಸಾವಿರಾರು ಮೂತ್ರದ ಬಾಟಲಿ, ರಕ್ತದ ಟ್ಯೂಬು ಅಳೆದ ಮೇಲೂ ಕಾಣದೇ ಹೋದದ್ದು, ಬಾಸ್ಟನ್ನಿನ ಒಬ್ಬ ತಾಯಿ ಒಂದು ಪ್ರಶ್ನೆ ಕೇಳಿದ್ದರಿಂದ, ಮತ್ತು ಎದುರಿಗಿದ್ದ ವೈದ್ಯರು ಅದನ್ನು ತಳ್ಳಿಹಾಕದೆ ಕಿವಿಗೆ ಹಾಕಿಕೊಂಡಿದ್ದರಿಂದ ಕಂಡಿತು.